ಎರಡನೇ ಅಂಕಣದ ಮಹಾದಂಡನಾಯಕರು

ನಮ್ಮ ಕಾಕಾ ಅವರು ಈವರೆಗೆ ನಾಲ್ಕು ಯುದ್ಧಗಳನ್ನು ಗೆದ್ದಿದ್ದಾರೆ, ಎರಡು ದ್ವೀಪಗಳನ್ನು ವಶಪಡಿಸಿಕೊಂಡಿದ್ದಾರೆ, ಒಂದು ಸಾಮ್ರಾಜ್ಯವನ್ನು ಮಂಡಿಯೂರಿಸಿದ್ದಾರೆ. ಆದರೆ ಶಹಾಪುರದ ಸಂತೆಯಿಂದ ಹೆಂಡತಿ, ಅಂದರೆ ನಮ್ಮ ಚಿಗವ್ವ, ಹೇಳಿದ ಸೊಪ್ಪನ್ನೇ ತಂದ ಉದಾಹರಣೆ ಮಾತ್ರ ಒಂದೇ ಒಂದು. ಪುಂಡಿಪಲ್ಲೆ ತರಲು ಹೇಳಿದರೆ ರಾಜಗಿರಿ ತರುತ್ತಾರೆ. ರಾಜಗಿರಿ ತರಲು ಹೇಳಿದ ದಿನ ಬರಿಗೈಯಲ್ಲಿ ಬಂದು, ಗಡಿಯಲ್ಲಿ ಪರಿಸ್ಥಿತಿ ಬಿಗಡಾಯಿಸಿದೆಯೆಂದು ವರದಿ ಒಪ್ಪಿಸುತ್ತಾರೆ. ಆ ಒಂದೇ ಒಂದು ದಿನ ಅವರು ಸರಿಯಾದ ಸೊಪ್ಪು ತಂದಾಗ ನಮ್ಮ ಮನೆಯಲ್ಲಿ ಸೂತಕದ ಕಳೆ ಇತ್ತು. ಅದನ್ನು ಮುಂದೆ ಅದರ ಸ್ಥಾನದಲ್ಲಿ ಹೇಳುತ್ತೇನೆ.

ಕಾಕಾ ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಸೈನಿಕ ರಹಸ್ಯ ಎಂಬುದು ಅವರ ಅಭಿಪ್ರಾಯ. ನೌಕರಿ ಇನ್ನೂ ಏಳು ವರ್ಷ ಉಳಿದಿದೆ ಎಂಬುದು ಚಿಗವ್ವನ ಅಭಿಪ್ರಾಯ. ಅವರು ನನ್ನ ತಂದೆಯ ತಮ್ಮ. ವಾಸ ಶಹಾಪುರದಲ್ಲಿ. ಉದ್ಯೋಗ ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕರದು, ಅಂದರೆ ಕಿಟಕಿಯೊಳಗೆ ಮೈಕಿನ ಮುಂದೆ ಕುಳಿತು ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆಂದು ಸಾರುವುದು. ಶಹಾಪುರ, ಸುರಪುರ, ಈ ಎರಡರಲ್ಲಿ ಯಾವ ನಿಲ್ದಾಣವೆಂದು ಕೇಳಬೇಡಿ. ಯಾವುದಾದರೂ ಒಂದು ಎಂದಿಟ್ಟುಕೊಳ್ಳಿ.

ಈ ಉದ್ಯೋಗದಲ್ಲಿ ಒಂದು ಸೂಕ್ಷ್ಮ ಸಂಕಟವಿದೆ. ಕಾಕಾ ಗಂಭೀರ ಧ್ವನಿಯಲ್ಲಿ, "ಯಾದಗಿರಿಗೆ ಹೋಗುವ ಬಸ್ಸು ಎರಡನೇ ಅಂಕಣಕ್ಕೆ ಬರಲಿದೆ" ಎಂದು ಸಾರುತ್ತಾರೆ. ಬಸ್ಸು ನೇರವಾಗಿ ಬೇವಿನ ಮರದ ಕೆಳಗೆ ಹೋಗಿ ನಿಲ್ಲುತ್ತದೆ. ಏಕೆಂದರೆ ನೆರಳಿರುವುದು ಅಲ್ಲಿ! ಎರಡನೇ ಅಂಕಣದಲ್ಲಿ ಗಂಟುಮೂಟೆ ಹಿಡಿದು ನಿಂತವರೆಲ್ಲ ಮರದತ್ತ ಓಡುತ್ತಾರೆ. ಓಡುವಾಗ ಕಿಟಕಿಯ ಕಡೆಗೆ ಒಂದು ಕೆಟ್ಟ ನೋಟ ಬೀರಿ ಹೋಗುತ್ತಾರೆ. ಹೀಗೆ ಇಪ್ಪತ್ತೆರಡು ವರ್ಷ. ಒಬ್ಬ ಮನುಷ್ಯನ ಮಾತನ್ನು ಒಂದು ಇಡೀ ನಿಲ್ದಾಣ ಇಪ್ಪತ್ತೆರಡು ವರ್ಷ ಕೇಳಿಸಿಕೊಂಡೂ ಕೇಳದಿದ್ದರೆ, ಅವನು ಬೇರೊಂದು ದೇಶವನ್ನು ಹುಡುಕಿಕೊಂಡು ಹೋಗುವುದು ಸಹಜವಲ್ಲವೇ?

ಕಾಕಾ ಹುಡುಕಿಕೊಂಡ ದೇಶದ ಹೆಸರು ವರ್ನೋಸಿಯಾ. ಭೂಪಟದಲ್ಲಿ ನೋಡಬೇಡಿ, ನಾನು ನೋಡಿ ಒಂದು ಮಧ್ಯಾಹ್ನ ಕಳೆದುಕೊಂಡಿದ್ದೇನೆ. ಅದು ಇರುವುದು ಅಂತರ್ಜಾಲದಲ್ಲಿ. ಜಗತ್ತಿನ ನಾನಾ ಭಾಗದ ಜನರು ಮೊಬೈಲು ಹಿಡಿದು ಕುಳಿತು ಕಲ್ಪಿಸಿ ನಡೆಸುವ ದೇಶ. ಆದರೆ ಕಲ್ಪನೆಯೆಂದು ಹಗುರವಾಗಿ ಕಾಣುವಂತಿಲ್ಲ. ಅದಕ್ಕೆ ಸಂವಿಧಾನವಿದೆ, ಸಂಸತ್ತಿದೆ, ದಿನಪತ್ರಿಕೆಯಿದೆ, ಚುನಾವಣೆಯಲ್ಲಿ ಸೋತವರ ಮುನಿಸಿದೆ. ಎಲ್ಲಕ್ಕಿಂತ ಮುಖ್ಯವಾಗಿ ಸೈನ್ಯವಿದೆ. ತುದಿಯಲ್ಲಿ ಐವರ ಯುದ್ಧ ಸಮಿತಿ. ಅದರ ಕೆಳಗೆ ಮಹಾದಂಡನಾಯಕ. ಅವನ ಕೆಳಗೆ ಮೂವರು ಉಪದಂಡನಾಯಕರು, ಅವರ ಕೆಳಗೆ ದಳಪತಿಗಳು, ಎಲ್ಲರ ಕೆಳಗೆ ನೂರಿಪ್ಪತ್ತು ಸೈನಿಕರು. ಸೈನಿಕನಾಗಿ ಸೇರಿದ ಕಾಕಾ ಒಂದೊಂದೇ ಮೆಟ್ಟಿಲು ಹತ್ತಿ, ಆರು ವರ್ಷಗಳ ಬಳಿಕ ಮಹಾದಂಡನಾಯಕರಾದರು. ಬದುಕಿನಲ್ಲಿ ಅವರಿಗೆ ದೊರೆತ ಬಡ್ತಿ ಅದೊಂದೇ.

ನಾನು ಅವರ ಮನೆಗೆ ಬಂದದ್ದು ಪದವಿ ಮುಗಿದ ಮೇಲೆ, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದಲೆಂದು. ನಮ್ಮೂರು ಸುರಪುರದ ಆಚೆ. ಅಪ್ಪ ಅವ್ವ ಹೊಲದ ಕೂಲಿ ಮಾಡುತ್ತಾರೆ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗಳು ನಾನು. ಇದು ಹೆಮ್ಮೆಯ ವಿಷಯವೆಂದು ಎಲ್ಲರೂ ಹೇಳುತ್ತಾರೆ; ಭಯದ ವಿಷಯವೂ ಹೌದೆಂದು ಯಾರೂ ಹೇಳುವುದಿಲ್ಲ. ನಾನು ತಪ್ಪಿದರೆ ಇಡೀ ಮನೆತನವೇ ತಪ್ಪಿದಂತೆ! ಆದ್ದರಿಂದ ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲಿ ಎರಡು ಬಾರಿ ತಿದ್ದಿ ಬಳಿಕ ಮಾತಾಡುತ್ತೇನೆ. ಅಷ್ಟರಲ್ಲಿ ಕೇಳಬೇಕಾದವರು ಎದ್ದು ಹೋಗಿರುತ್ತಾರೆ.

ಬಂದ ಮೊದಲ ದಿನವೇ ಕಾಕಾ ಮನೆಯ ಸೇನಾ ವ್ಯವಸ್ಥೆಯನ್ನು ವಿವರಿಸಿದರು. ಅಡುಗೆಮನೆ ಸರಬರಾಜು ದಳ, ಅದರ ಮುಖ್ಯಸ್ಥೆ ಚಿಗವ್ವ. ಅಂಗಳ ಮತ್ತು ನೀರಿನ ತೊಟ್ಟಿ ನೌಕಾದಳ. ನಾನು ಹೊಸದಾಗಿ ಸೇರಿದವಳಾದ್ದರಿಂದ ತರಬೇತಿ ಸೈನಿಕಳು. ಈ ವಿವರಣೆ ನಡೆಯುತ್ತಿರುವಾಗ ಚಿಗವ್ವ ಹೊರಬಂದರು. ಅವರು ಅಂಗನವಾಡಿ ಶಿಕ್ಷಕಿ. ಸೆರಗಿಗೆ ಕೈ ಒರೆಸುತ್ತ ಒಂದು ಪ್ರಶ್ನೆ ಕೇಳಿದರು.

"ನಿಮ್ಮ ಫೌಜಿನ್ಯಾಗ ಎಷ್ಟು ಮಂದಿ ಅದಾರ್ರಿ?"

"ನೂರಾ ಇಪ್ಪತ್ತು."

"ಅದರಾಗ ಕುಂತಲ್ಲೇ ಉಚ್ಚಿ ಹೊಯ್ಯಾವ್ರು ಎಷ್ಟು ಮಂದಿ?"

ಮಹಾದಂಡನಾಯಕರು ಮೊಬೈಲನ್ನು ಕಿಸೆಗೆ ಹಾಕಿದರು.

"ನನ್ನ ಅಂಗನವಾಡ್ಯಾಗ ಇಪ್ಪತ್ತಾರು ಕೂಸು ಅದಾವ. ಹದಿನೆಂಟು ಹೊಯ್ತಾವ. ಆದ್ರೂ ಸಾಲು ಹಚ್ಚಿ ನಿಂದರಸ್ತೀನಿ. ನೀವು ಮೊದಲ ಆ ಬಕೀಟು ತುಂಬ್ರಿ."

ನೌಕಾದಳ ತಕ್ಷಣ ಕಾರ್ಯೋನ್ಮುಖವಾಯಿತು.

ಅವರ ಸೈನ್ಯದಲ್ಲಿ ವಂದನೆಯ ಒಂದು ಪದ್ಧತಿಯಿದೆ. ಮೊಬೈಲಿನಲ್ಲಿ ಎದ್ದು ನಿಂತು ಸಲ್ಯೂಟ್ ಹೊಡೆಯಲು ಆಗುವುದಿಲ್ಲವಾದ್ದರಿಂದ ಇಂಗ್ಲಿಷಿನ ಸಣ್ಣ ಓ ಅಕ್ಷರ ಬರೆದು, ಪಕ್ಕದಲ್ಲಿ ಏಳರ ಅಂಕಿ ಹಾಕುತ್ತಾರೆ. ಓ ಎಂಬುದು ತಲೆ. ಏಳು ಎಂಬುದು ಹಣೆಗೆ ಮುಟ್ಟಿಸಿದ ಕೈ. ಒಮ್ಮೆ ಹಾಗೆ ನೋಡಿದ ಮೇಲೆ ಬೇರೆ ರೀತಿಯಲ್ಲಿ ನೋಡಲು ಬರುವುದಿಲ್ಲ. ಕಿರಿಯರು ಮೊದಲು ವಂದಿಸಬೇಕು, ಹಿರಿಯರು ಮರಳಿ ವಂದಿಸಬೇಕು. ಮನೆಯಲ್ಲೂ ಇದು ಜಾರಿಯಾಗಬೇಕೆಂಬುದು ಕಾಕಾ ಅವರ ಆಸೆ. ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನನ್ನತ್ತ ನೋಡಿ ಒಂದು ಕ್ಷಣ ನಿಲ್ಲುತ್ತಿದ್ದರು. ನಾನು ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ಪದವೀಧರೆಯೊಬ್ಬಳು ಪಡಸಾಲೆಯಲ್ಲಿ ನಿಂತು ಹಣೆಗೆ ಕೈ ಹಚ್ಚುವುದು ಶೋಭಿಸುತ್ತದೆಯೇ? ಕಾಕಾ ಎಂದೂ ಒತ್ತಾಯಿಸಲಿಲ್ಲ. "ಇರ್ಲಿ ಬಿಡು ಮಗಳ, ಸಲ್ಯೂಟ್ ಕೇಳಿ ತಗೊಳೂದಲ್ಲ" ಎಂದು ಒಳಗೆ ಹೋಗುತ್ತಿದ್ದರು.

ಮೈಕಿನ ಪ್ರಸಂಗ ನಡೆದದ್ದು ಇದೇ ಕಾಲಕ್ಕೆ. ವರ್ನೋಸಿಯಾದ ಯುದ್ಧಗಳು ನಮ್ಮ ಮಧ್ಯಾಹ್ನ ಹನ್ನೆರಡೂವರೆಗೆ ಆರಂಭವಾಗುತ್ತವೆ. ಅಲ್ಲಿನ ದಿನ ಬದಲಾಗುವುದು ಆಗ. ಕಾಕಾ ಅವರ ಊಟದ ಬಿಡುವೂ ಆಗಲೇ. ಒಂದು ದಿನ ಅವರು ರೊಟ್ಟಿ ಕಟ್ಟಿದ ಬಟ್ಟೆ ಬಿಚ್ಚಿ, ಮನಿಲಾದಲ್ಲಿದ್ದ ಉಪದಂಡನಾಯಕನಿಗೆ ಫೋನು ಹಚ್ಚಿದರು. ಮೈಕು ಆರಿಸುವುದನ್ನು ಮರೆತಿದ್ದರು. ಇಡೀ ನಿಲ್ದಾಣದ ಮೇಲೆ ಅವರ ಧ್ವನಿ ಮೊಳಗಿತು: "ಅಟ್ಯಾಕ್! ಫುಲ್ ಅಟ್ಯಾಕ್! ಲೆಫ್ಟ್ ಸೈಡ್ ಕ್ಲೋಸ್!"

ಹತ್ತಿಕುಣಿಗೆ ಹೋಗಬೇಕಾಗಿದ್ದ ಒಬ್ಬ ಅಜ್ಜಿ ಕಿಟಕಿಗೆ ಬಂದು, "ಯಪ್ಪಾ, ಹತ್ತಿಕುಣಿ ಬಸ್ ಹೊಂಟಿತೇನು?" ಎಂದು ಕೇಳಿದಳಂತೆ. ಆದರೆ ಸೋಜಿಗ ಅದಲ್ಲ. ಬೇವಿನ ಮರದ ಕೆಳಗಿದ್ದ ಚಾಲಕರು ಮೇಲಧಿಕಾರಿಗಳ ತಪಾಸಣಾ ತಂಡವೇ ಬಂದಿದೆಯೆಂದು ತಿಳಿದರು. ಐದು ನಿಮಿಷದೊಳಗೆ ಎಲ್ಲ ಬಸ್ಸುಗಳೂ ತಮ್ಮ ತಮ್ಮ ಅಂಕಣದಲ್ಲಿ ಗೆರೆ ಎಳೆದಂತೆ ನಿಂತಿದ್ದವು! ಇಪ್ಪತ್ತೆರಡು ವರ್ಷಗಳಲ್ಲಿ ಅದು ಮೊದಲ ಸಲ. ಯುದ್ಧದಲ್ಲಿ ಮಗ್ನರಾಗಿದ್ದ ಕಾಕಾ ಮಾತ್ರ ಅದನ್ನು ನೋಡಲಿಲ್ಲ.

ಅವರು ದಂಡನಾಯಕರಾದದ್ದು ಹೇಗೆ ಎಂಬ ಪ್ರಶ್ನೆ ನಿಮಗೂ ಬಂದಿರಬಹುದು. ಕಾಕಾ ಹತ್ತನೆಯ ತರಗತಿಯವರೆಗೆ ಓದಿದವರು. ಅವರ ಇಂಗ್ಲಿಷಿನಲ್ಲಿ ಕ್ರಿಯಾಪದಗಳು ವಿರಳ. ಉಳಿದ ನಾಯಕರು ಶೌರ್ಯ, ತ್ಯಾಗ, ಇತಿಹಾಸ ಎಂದು ಎರಡೆರಡು ಪುಟದ ಆಜ್ಞೆ ಹೊರಡಿಸುತ್ತಿದ್ದರಂತೆ. ಕಾಕಾ ಹೊರಡಿಸುತ್ತಿದ್ದದ್ದು ಬಸ್ಸಿನ ವೇಳಾಪಟ್ಟಿ. "ನಾರ್ತ್ ಫೋರ್ಟ್. ಟ್ವೆಲ್ವ್ ಥರ್ಟಿ. ಆಲ್ ಕಮ್. ಫುಲ್ ಅಟ್ಯಾಕ್." ಅದರ ಕೆಳಗೆ ಮನಿಲಾದವರಿಗೆ ಮಧ್ಯಾಹ್ನ ಮೂರು, ಪೋಲೆಂಡಿನವರಿಗೆ ಬೆಳಿಗ್ಗೆ ಎಂಟು, ಬ್ರೆಜಿಲಿನವರಿಗೆ ನಸುಕಿನ ನಾಲ್ಕು ಎಂದು ಅವರವರ ಗಡಿಯಾರದ ಲೆಕ್ಕ. ಅಷ್ಟೇ. ಇಂಗ್ಲಿಷು ಕಾಕಾನಷ್ಟೇ ಬರುವ ಜನ ಆ ಸೈನ್ಯದಲ್ಲಿ ಬಹಳವಿದ್ದರು. ಎಲ್ಲರಿಗೂ ತಿಳಿಯುತ್ತಿತ್ತು, ಎಲ್ಲರೂ ಬರುತ್ತಿದ್ದರು. ಬ್ರೆಜಿಲಿನ ಲಾರಿ ಚಾಲಕನೊಬ್ಬ ನಸುಕಿನ ನಾಲ್ಕಕ್ಕೆ ಎದ್ದು ಬರುತ್ತಿದ್ದನೆಂದರೆ ನೋಡಿ! ಬೇವಿನ ಮರ ಬಿಟ್ಟು ಎರಡನೇ ಅಂಕಣಕ್ಕೆ ಬಾರದವರ ನಡುವೆ ಬದುಕಿದ ಮನುಷ್ಯನಿಗೆ ಅದು ಎಂಥ ಸುಖವಾಗಿರಬೇಕು.

ಆದರೆ ನಾನು ಒಂದು ದಿನ ಆ ಆಜ್ಞೆಗಳನ್ನು ನೋಡಿಬಿಟ್ಟೆ. ಓದಿ ನನ್ನ ಕಿವಿ ಬಿಸಿಯಾದವು. ಕರ್ತೃವಿಲ್ಲ, ವಿಷಯ ಸೂಚನೆಯಿಲ್ಲ, ಉಲ್ಲೇಖವಿಲ್ಲ, ವಂದನೆಯಿಲ್ಲ! ನಮ್ಮ ಮನೆಯ ಹಿರಿಯರೊಬ್ಬರು ಹೀಗೆ ಜಗತ್ತಿನ ಮುಂದೆ ತಪ್ಪು ಇಂಗ್ಲಿಷು ಬರೆಯುವುದೇ? ಅದೇ ವಾರ ಉತ್ತರ ಕೋಟೆಯ ಮೇಲೆ ದೊಡ್ಡ ದಾಳಿಯಿತ್ತು. ದಂಡನಾಯಕರ ಅವಧಿ ಆ ತಿಂಗಳಿಗೆ ಮುಗಿಯುತ್ತಿತ್ತು. ಕೋಟೆ ಗೆದ್ದರೆ ಅವಧಿ ಮುಂದುವರಿಯುತ್ತದೆ, ಸೋತರೆ ಸಮಿತಿಯು ಸ್ಥಾನವನ್ನು ಕಿತ್ತುಕೊಳ್ಳಬಹುದು ಎಂದು ಕಾಕಾ ನನಗೆ ಮೊದಲೇ ಹೇಳಿದ್ದರು. ಇಂಥ ಮಹತ್ವದ ಪತ್ರವಾದರೂ ಕ್ರಮಬದ್ಧವಾಗಿರಲಿ ಎಂದು, ನಾನೇ ಬರೆದುಕೊಡುತ್ತೇನೆಂದೆ. ಕಾಕಾ ಅವರ ಮುಖ ಅರಳಿತು. "ನೀ ಬರೀತಿ?" ಎಂದು ಎರಡು ಸಲ ಕೇಳಿದರು.

ಇಲ್ಲಿ ಒಂದು ಸಂಗತಿಯನ್ನು ಒಪ್ಪಿಕೊಳ್ಳಬೇಕು. ನಮ್ಮ ಶಾಲೆಯಲ್ಲಿ ನಮಗೆ ಕಂಠಪಾಠವಾಗಿದ್ದ ಇಂಗ್ಲಿಷ್ ಪತ್ರ ಒಂದೇ: ಜ್ವರದ ನಿಮಿತ್ತ ಮೂರು ದಿನ ರಜೆ ಕೋರಿ ಮುಖ್ಯೋಪಾಧ್ಯಾಯರಿಗೆ ಅರ್ಜಿ. ಅದಕ್ಕೆ ಪ್ರತಿ ವರ್ಷ ನನಗೆ ಪೂರ್ಣ ಅಂಕ ಬರುತ್ತಿತ್ತು. ಸಭ್ಯತೆ, ಶುದ್ಧತೆ, ಸೌಜನ್ಯ ಎಲ್ಲವೂ ಇರುವ ಬೇರೆ ಮಾದರಿಯನ್ನು ನಾನು ಕಂಡಿರಲಿಲ್ಲ. ನಾನು ಬರೆದುಕೊಟ್ಟ ಯುದ್ಧಾಜ್ಞೆಯನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು:

"ಮಾನ್ಯರೇ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಉತ್ತರ ಕೋಟೆಯ ಮೇಲೆ ದಾಳಿ ಮಾಡಬೇಕಾದ ಸಂದರ್ಭ ಒದಗಿರುವುದರಿಂದ, ತಮಗೆ ಅನುಕೂಲವಾದಲ್ಲಿ, ದಯಮಾಡಿ ಹನ್ನೆರಡೂವರೆಯ ಸುಮಾರಿಗೆ ಆಗಮಿಸಿ, ಸಾಧ್ಯವಾದಷ್ಟು ದಾಳಿ ಮಾಡಿಕೊಡಬೇಕಾಗಿ ಕೋರುತ್ತೇನೆ. ಇದರಿಂದ ಆಗುವ ತೊಂದರೆಗೆ ಕ್ಷಮೆಯಿರಲಿ. ತಮ್ಮ ವಿಧೇಯ, ಮಹಾದಂಡನಾಯಕ."

ಪೂರ್ಣ ಪಾಠದಲ್ಲಿ 'ದಯಮಾಡಿ' ಎಂಬುದು ಏಳು ಬಾರಿ ಇತ್ತು. ಕಾಕಾ ಅದನ್ನು ಮೊಬೈಲಿಗೆ ಇಳಿಸಿಕೊಂಡು ಕೆಲಸಕ್ಕೆ ಹೋದರು. ಒಂದಕ್ಷರವನ್ನೂ ಬದಲಿಸದೆ ಕಳಿಸಿದರು.

ಸೈನ್ಯದ ಪ್ರತಿಕ್ರಿಯೆಯನ್ನು ನಾನು ಆಮೇಲೆ ಓದಿದೆ. ಪೋಲೆಂಡಿನ ಉಪದಂಡನಾಯಕಿ ವೃತ್ತಿಯಿಂದ ದಂತವೈದ್ಯೆ. ಕೇಳಿದ್ದಕ್ಕೆ ಧನ್ಯವಾದ, ಎಂಟು ಗಂಟೆಗೆ ರೋಗಿಗಳಿರುವುದರಿಂದ ತನಗೆ ಅನುಕೂಲವಾಗದೆಂದು ಆಕೆ ಅಷ್ಟೇ ವಿನಯದಿಂದ ತಿಳಿಸಿದ್ದಳು. ಬ್ರೆಜಿಲಿನ ಲಾರಿ ಚಾಲಕ, ಕಡ್ಡಾಯವಲ್ಲದ್ದರಿಂದ ಮಲಗಿಕೊಳ್ಳುತ್ತೇನೆ ಎಂದಿದ್ದ. ಮನಿಲಾದವನು ಇದನ್ನು ಶತ್ರುಗಳು ಕಳಿಸಿದ ಖೋಟಾ ಪತ್ರವೆಂದು ಎಲ್ಲರಿಗೂ ಎಚ್ಚರಿಕೆ ಕೊಟ್ಟಿದ್ದ. ಇನ್ನೊಬ್ಬ ಸೈನಿಕ ಇಡೀ ಪತ್ರವನ್ನು ಓದಿ, ದಂಡನಾಯಕರೇ ರಜೆ ಕೇಳುತ್ತಿದ್ದಾರೆಂದು ಭಾವಿಸಿ, ಬೇಗ ಗುಣಮುಖರಾಗಿರೆಂದು ಹಾರೈಸಿದ್ದ!

ಹನ್ನೆರಡೂವರೆಗೆ ಉತ್ತರ ಕೋಟೆಯ ಮುಂದೆ ನಾಲ್ಕು ಜನರಿದ್ದರು. ಒಬ್ಬರು ಕಾಕಾ. ಉಳಿದ ಮೂವರು ಎಂದೂ ಯಾವ ಆಜ್ಞೆಯನ್ನೂ ಓದುವ ಅಭ್ಯಾಸವಿಲ್ಲದವರು.

ಕೋಟೆ ಹೋಯಿತು.

ಯುದ್ಧ ಸಮಿತಿಯಿಂದ ನೋಟಿಸು ಬಂತು. ಸೋಲಿನ ಕಾರಣವನ್ನು ಮೂರು ದಿನದೊಳಗೆ ತಿಳಿಸಬೇಕು. ಪತ್ರ ಬರೆದವಳು ನಾನೆಂದು ಹೇಳಿಬಿಡಿ ಎಂದು ಕಾಕಾನನ್ನು ಬೇಡಿಕೊಂಡೆ. ಅಂದು ನನ್ನ ವಾಕ್ಯ ತಿದ್ದದೆಯೇ ಹೊರಬಿತ್ತೆಂದು ನೆನಪು. ಕಾಕಾ ತಲೆ ಅಲ್ಲಾಡಿಸಿದರು.

"ಬಸ್ ಲೇಟ್ ಆದ್ರ ಮಂದಿ ಯಾರಿಗೆ ಬೈತಾರ? ಕಿಟಕ್ಯಾಗ ಕುಂತಾವಗ ಬೈತಾರ. ಅಲ್ಲೂ ಕಿಟಕ್ಯಾಗ ಕುಂತಾವ ನಾನ. ಹುಕುಂ ಮ್ಯಾಲ ಹೆಸರು ನಂದೈತಿ."

"ತಪ್ಪು ನಂದ್ ಐತಿ, ಕಾಕಾ."

"ನಿಂದ್ ಪತ್ರ. ತಪ್ಪು ಯಾಕ ನಿಂದ್?" ಎಂದು, ಸಮಿತಿಗೆ ತಮ್ಮ ಉತ್ತರ ಬರೆದರು. ಎರಡೇ ವಾಕ್ಯ. "ಆರ್ಡರ್ ಮೈನ್. ಮಿಸ್ಟೇಕ್ ಮೈನ್." ಅದರಲ್ಲಿಯೂ ಕ್ರಿಯಾಪದವಿರಲಿಲ್ಲ. ಈ ಸಲ ನನಗೆ ತಿದ್ದುವ ಧೈರ್ಯವಾಗಲಿಲ್ಲ.

ಸಮಿತಿ ಅವರನ್ನು ಮಹಾದಂಡನಾಯಕ ಸ್ಥಾನದಿಂದ ಇಳಿಸಿತು. ಬರೀ ಒಂದು ಮೆಟ್ಟಿಲಲ್ಲ, ತೀರ ತಳಕ್ಕೆ: ನೂರಿಪ್ಪತ್ತು ಸೈನಿಕರಲ್ಲಿ ಒಬ್ಬರು. ದಂತವೈದ್ಯೆ ಮಹಾದಂಡನಾಯಕಿಯಾದಳು. ಕಾಕಾ ಆಕೆಗೆ ಮೊದಲ ವಂದನೆ ಕಳಿಸಿದರಂತೆ, ಓ ಮತ್ತು ಏಳು. ಆಮೇಲೆ ಮೊಬೈಲನ್ನು ಕಿಸೆಯಲ್ಲಿಟ್ಟು ಸಂತೆಗೆ ಹೋಗಿ ಪುಂಡಿಪಲ್ಲೆ ತಂದರು.

ಚಿಗವ್ವ ಹೇಳಿದ್ದು ಪುಂಡಿಪಲ್ಲೆಯನ್ನೇ!

ಚಿಗವ್ವ ಆ ಸೊಪ್ಪಿನ ಕಟ್ಟನ್ನು ಕೈಯಲ್ಲಿ ಹಿಡಿದು ಬಾಗಿಲ ಬೆಳಕಿಗೆ ತಂದರು. ತಿರುವಿ ನೋಡಿದರು. ಕಾಕಾ ಬಕೀಟು ತುಂಬಿದರು, ಅಂಗಳ ಗುಡಿಸಿದರು, ಯಾವ ದಳದ ಹೆಸರನ್ನೂ ಎತ್ತಲಿಲ್ಲ. ಬಾಗಿಲಲ್ಲಿ ನಿಂತು ನನ್ನ ಕಡೆ ನೋಡುವುದನ್ನೂ ಬಿಟ್ಟರು. ವಾರವೊಂದು ಹೀಗೆಯೇ ಹೋಯಿತು. ಹದಿನೆಂಟು ವರ್ಷ ಆ ಮನುಷ್ಯನ ಸೈನ್ಯವನ್ನೂ, ಅದಕ್ಕೂ ಮೊದಲಿದ್ದ ಇನ್ನಿತರ ಹುಚ್ಚುಗಳನ್ನೂ ಗೇಲಿ ಮಾಡುತ್ತ ಬಂದ ಚಿಗವ್ವ, ಎಂಟನೆಯ ದಿನ ರೊಟ್ಟಿ ಬಡಿಯುವುದನ್ನು ನಡುವೆಯೇ ನಿಲ್ಲಿಸಿ ನನ್ನನ್ನು ಕರೆದರು.

"ನೀ ಬರದದ್ದರಿಂದ ಆಗೈತಿ. ನೀನ ಬರದು ಸರಿ ಮಾಡು."

ನಾನು ಒಂದು ಕರಡು ಸಿದ್ಧಪಡಿಸಿದೆ. ಸಮಿತಿಯ ಗೌರವಾನ್ವಿತ ಸದಸ್ಯರಿಗೆ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ... ಚಿಗವ್ವನಿಗೆ ಇಂಗ್ಲಿಷು ಬಾರದು. ಅರ್ಥ ಹೇಳಿಸಿಕೊಂಡರು. ಕೇಳಿ ಮುಗಿಸುವ ಮೊದಲೇ ಹಿಟ್ಟಿನ ಕೈ ಅಡ್ಡ ಹಿಡಿದರು.

"ಮತ್ತ ಜ್ವರ ಬಂತಲ್ಲ ಬೇ. ಮೂರು ವರ್ಷದ ಕೂಸು ಬಂದು ಟೀಚರ್ ನಾ ಹೊಯ್ಕೊಂಡೆ ಅಂತ ಹೇಳ್ತದ. ಮೇಲ್ಕಾಣಿಸಿದ ವಿಷಯ ಅಂತದೇನು? ಆಗಿದ್ದು ಹೇಳು. ಬೇಕಾದ್ದು ಕೇಳು. ಸುಮ್ನ ಕೂಡು."

ಆಗಿದ್ದನ್ನು ಹೇಳಿ, ಬೇಕಾದ್ದನ್ನು ಕೇಳಿ, ಸುಮ್ಮನೆ ಕೂರುವುದು! ಹದಿನೈದು ವರ್ಷದ ವಿದ್ಯಾಭ್ಯಾಸದಲ್ಲಿ ನನಗೆ ಯಾರೂ ಇದನ್ನು ಕಲಿಸಿರಲಿಲ್ಲ. ಚಿಗವ್ವ ಕನ್ನಡದಲ್ಲಿ ಹೇಳಿದರು, ನಾನು ಇಂಗ್ಲಿಷಿನಲ್ಲಿ ಬರೆದೆ. ಒಟ್ಟು ನಾಲ್ಕು ವಾಕ್ಯ. ಆ ಪತ್ರ ಬರೆದವಳು ನಾನು, ಅವರ ಅಣ್ಣನ ಮಗಳು. ಆಜ್ಞೆ ಹೇಗೆ ಬರೆಯಬೇಕೆಂದು ನನಗೆ ಗೊತ್ತಿರಲಿಲ್ಲ. ಅವರು ನನ್ನ ಹೆಸರು ಹೇಳಲಿಲ್ಲ. ಅವರಿಗೆ ಮರಳಿ ಅವಕಾಶ ಕೊಡಿ. ಇದನ್ನು ವರ್ನೋಸಿಯಾದ ದಿನಪತ್ರಿಕೆಗೆ ಕಳಿಸಿದೆ. ಬದುಕಿನಲ್ಲಿ ನಾನು ಬರೆದ, 'ದಯಮಾಡಿ' ಎಂಬ ಪದವಿಲ್ಲದ ಮೊದಲ ಪತ್ರ ಅದು. ಕಳಿಸಿದ ಮೇಲೆ ನಾನು ಪಡಸಾಲೆಯಲ್ಲಿ ಎಷ್ಟು ಸಲ ಅಡ್ಡಾಡಿದೆನೆಂದರೆ, ಚಿಗವ್ವ ಬಿಸಿ ರೊಟ್ಟಿಯೊಂದನ್ನು ಕೈಯಲ್ಲಿಟ್ಟು ಕೂರಿಸಿದರು.

ಮರುದಿನ ಮಧ್ಯಾಹ್ನ ತೆರೆದು ನೋಡಿದೆ. ನನ್ನ ಪತ್ರದ ಕೆಳಗೆ ಓ ಮತ್ತು ಏಳು. ಅದರ ಕೆಳಗೆ ಇನ್ನೊಂದು. ಅದರ ಕೆಳಗೆ ಮತ್ತೊಂದು. ಇರುವೆಗಳು ಸಾಲುಗಟ್ಟಿದಂತೆ, ಬೆರಳಿನಿಂದ ಎಷ್ಟು ಸರಿಸಿದರೂ ಮುಗಿಯದೆ, ತಲೆಗಳು ಮತ್ತು ಹಣೆಗೆ ಮುಟ್ಟಿದ ಕೈಗಳು. ಬ್ರೆಜಿಲಿನ ಲಾರಿ ಚಾಲಕನದೂ ಇತ್ತು. ಅವನ ಗಡಿಯಾರದಲ್ಲಿ ಆಗ ನಸುಕಿನ ನಾಲ್ಕು.

ಸಮಿತಿ ನಿಯಮ ಬಿಡಲಿಲ್ಲ. ಇಳಿದವರು ಮತ್ತೆ ಮೊದಲ ಮೆಟ್ಟಿಲಿನಿಂದಲೇ ಹತ್ತಬೇಕೆಂದಿತು. ಆದರೆ ದಂತವೈದ್ಯೆ ತನ್ನ ಅಧಿಕಾರದಿಂದ ಎರಡು ಆಜ್ಞೆ ಹೊರಡಿಸಿದಳು. ಹೊಸ ಸೈನಿಕರ ತರಬೇತಿ ಇನ್ನು ಮುಂದೆ ನಮ್ಮ ಕಾಕಾ ಅವರದು. ಮತ್ತು ಇನ್ನು ಮುಂದೆ ಈ ಸೈನ್ಯದ ಎಲ್ಲ ಆಜ್ಞೆಗಳೂ ನಮ್ಮ ಹಿಂದಿನ ಮಹಾದಂಡನಾಯಕರ ಮಾದರಿಯಲ್ಲೇ ಇರತಕ್ಕದ್ದು: ಸ್ಥಳ, ಸಮಯ, ಎಲ್ಲರೂ ಬನ್ನಿ. ನಾನು ನಾಚಿ ಕಿವಿ ಬಿಸಿ ಮಾಡಿಕೊಂಡಿದ್ದ ಆ ಇಂಗ್ಲಿಷು ಒಂದು ದೇಶದ ಅಧಿಕೃತ ಶೈಲಿಯಾಗಿತ್ತು!

ಆ ಸಂಜೆ ಕಾಕಾ ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಕೈಯಲ್ಲಿ ಮೆಂತ್ಯದ ಕಟ್ಟಿತ್ತು. ಚಿಗವ್ವ ತರಹೇಳಿದ್ದು ಪುಂಡಿಪಲ್ಲೆ. ಚಿಗವ್ವ ಕಟ್ಟನ್ನು ತೆಗೆದುಕೊಂಡು ಒಳಗೆ ಹೋಗಿ ನಕ್ಕರು. ನನ್ನ ಪತ್ರದ ಬಗ್ಗೆ ಕಾಕಾ ಅಂದದ್ದು ಇಷ್ಟೇ: "ಸಣ್ಣ ಬರದಿ. ಚೊಲೊ ಬರದಿ." ಆಮೇಲೆ, ತಾವು ಮತ್ತೆ ಮೇಲೇರುವ ಬಗ್ಗೆ ಚಿಂತೆ ಬೇಡವೆಂದರು. "ಒಮ್ಮಿ ಹತ್ತಿದ್ದ ಮೆಟ್ಲ ಅಲ್ಲೇನು, ಎಲ್ಲೆಲ್ಲಿ ಜಾರ್ತದ ಗೊತ್ತೈತಿ."

ಕೆಲವು ತಿಂಗಳ ಬಳಿಕ ಸೈದಾಪುರದ ಕಡೆ ಕಾರ್ಖಾನೆಯೊಂದರ ಕಚೇರಿಯಲ್ಲಿ ನನಗೆ ಸಂದರ್ಶನವಿತ್ತು. ಪಾಳಿ ಬದಲಾವಣೆಯ ಬಗ್ಗೆ ಕಾರ್ಮಿಕರಿಗೆ ಒಂದು ಸೂಚನೆ ಬರೆಯಿರಿ ಎಂದು ಕಾಗದ ಕೊಟ್ಟರು. ನನ್ನ ಪಕ್ಕದವರು ಎರಡನೆಯ ಹಾಳೆ ಕೇಳಿದರು. ನನ್ನ ಕೈ 'ಮೇಲ್ಕಾಣಿಸಿದ' ಎಂಬ ಪದದತ್ತ ಹೋಗಿ ನಿಂತಿತು. ಚಿಗವ್ವನ ಹಿಟ್ಟಿನ ಕೈ ಕಣ್ಣ ಮುಂದೆ ಬಂತು. "ಪಾಳಿ ಬದಲಾವಣೆ. ಎರಡನೇ ಗೇಟು. ಸೋಮವಾರ, ಮಧ್ಯಾಹ್ನ ಎರಡು ಗಂಟೆ. ಎಲ್ಲರೂ ಬನ್ನಿ" ಎಂದು ಬರೆದು, ಇಂಗ್ಲಿಷ್ ಅನುವಾದವನ್ನೂ ಕೆಳಗೆ ಹಾಕಿ ಕೊಟ್ಟೆ. ಓದಿದವರು, ಇಷ್ಟೇನಾ ಎಂದು ಕೇಳಿದರು. ಇಷ್ಟೇ ರೀ ಎಂದೆ. ನೌಕರಿ ಸಿಕ್ಕಿತು.

ಕೆಲಸಕ್ಕೆ ಸೇರುವ ದಿನ ಬೆಳಿಗ್ಗೆ ಯಾದಗಿರಿ ಬಸ್ಸು ಹಿಡಿಯಲು ಕಾಕಾ ಅವರ ನಿಲ್ದಾಣಕ್ಕೆ ಹೋದೆ. ಚಿಗವ್ವ ಬುತ್ತಿಯ ಎರಡು ಗಂಟು ಕಟ್ಟಿಕೊಟ್ಟಿದ್ದರು. ಒಂದು ಕಾಕಾ ಅವರದು, ಒಂದು ನನ್ನದು. ಅವರದನ್ನು ಕೊಡಲು ನಿಯಂತ್ರಕರ ಕೋಣೆಯೊಳಗೆ ಮೊದಲ ಸಲ ಕಾಲಿಟ್ಟೆ. ಕಾಕಾ ಮೈಕಿನಲ್ಲಿದ್ದರು. ಪಕ್ಕದಲ್ಲಿ ಅವರ ಹಿರಿಯ ಸಹೋದ್ಯೋಗಿಯೊಬ್ಬರು ಚಹಾ ಕುಡಿಯುತ್ತಿದ್ದರು. ಮೇಜಿನ ಗಾಜಿನ ಕೆಳಗೆ ಬಸ್ಸುಗಳ ವೇಳಾಪಟ್ಟಿ, ಅಪ್ಪ ಮತ್ತು ಕಾಕಾ ಹುಡುಗರಿದ್ದಾಗಿನ ಒಂದು ಮಾಸಿದ ಫೋಟೊ, ಅದರ ಪಕ್ಕದಲ್ಲಿ ಮುದ್ರಿಸಿದ ಒಂದು ಇಂಗ್ಲಿಷ್ ಪತ್ರ. ಬಗ್ಗಿ ನೋಡಿದೆ. ಮಾನ್ಯರೇ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ.

ಏಳು 'ದಯಮಾಡಿ'ಗಳೂ ಇದ್ದವು.

"ಇದನ್ನ ಬರದಾಕಿ ನೀನ ಏನವ್ವ?" ಎಂದು ಆ ಹಿರಿಯರು ಕೇಳಿದರು. "ದಿನಾ ಯಾರಿಗರೆ ಓದಿ ತೋರಸ್ತಾನ. ಕಳಸೂಕಿಂತ ಮೊದಲ ನನಗೂ ತೋರಿಸಿದ್ದ. ಭಾಳ ಉದ್ದ ಆತು, ನಿನ್ನ ಮಂದಿಗೆ ತಿಳಿಯೂದಿಲ್ಲ, ನಿಂದ್ ನೀನ ಬರಿ ಅಂದೆ. ಉದ್ದ ಇರ್ಲಿ ಅಂದ. ನಮ್ಮ ಮನ್ಯಾಗ ಇಷ್ಟುದ್ದ ಇಂಗ್ಲಿಷ್ ಬರದಾಕಿ ಈಕಿನ ಮೊದಲ್ನೇದಾಕಿ, ಒಂದಕ್ಷರ ತೆಗ್ಯಾಂಗಿಲ್ಲ ಅಂದ."

ಕಾಕಾ ಅಷ್ಟರಲ್ಲಿ ಘೋಷಣೆ ಮುಗಿಸಿ ತಿರುಗಿದರು. ನಾನು ಗಾಜಿನ ಮೇಲೆ ಕೈಯಿಟ್ಟುಕೊಂಡಿದ್ದೆ. ಅವರಿಗೆ ಗೊತ್ತಿತ್ತು. ಕೋಟೆ ಹೋಗಬಹುದೆಂದು, ಆರು ವರ್ಷ ಹತ್ತಿದ ಮೆಟ್ಟಿಲು ಜಾರಬಹುದೆಂದು ಕಳಿಸುವ ಮೊದಲೇ ಗೊತ್ತಿತ್ತು. ಹೇಳಲು ಒಂದು ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟತೊಡಗಿದೆ. ಕರ್ತೃ ಸಿಕ್ಕಿತು, ಕ್ರಿಯಾಪದ ಸಿಗಲಿಲ್ಲ.

"ಹೊತ್ತಾತು, ನಡಿ" ಎಂದರು ಕಾಕಾ. "ಎರಡನೇ ಅಂಕಣ."

ಬಸ್ಸು ಎಂದಿನಂತೆ ಬೇವಿನ ಮರದ ಕೆಳಗೇ ನಿಂತಿತ್ತು. ಎಲ್ಲರೂ ಆ ಕಡೆ ಓಡುತ್ತಿದ್ದರು. ನಾನು ಮಾತ್ರ ಎರಡನೇ ಅಂಕಣಕ್ಕೆ ಹೋಗಿ, ಕಿಟಕಿಗೆ ಎದುರಾಗಿ, ಕಾಲು ಜೋಡಿಸಿ ನಿಂತೆ. ಬುತ್ತಿಯನ್ನು ಎಡಗೈಗೆ ಬದಲಿಸಿಕೊಂಡು ಬಲಗೈಯನ್ನು ಹಣೆಗೆ ಹಚ್ಚಿದೆ. ಕಿರಿಯರು ಮೊದಲು ವಂದಿಸಬೇಕು.

ಕಿಟಕಿಯೊಳಗೆ ಕಾಕಾ ಎದ್ದು ನಿಂತರು. ಒಂದು ಕೈ ಹಣೆಯಲ್ಲಿತ್ತು. ಇನ್ನೊಂದು ಕೈಯಲ್ಲಿದ್ದ ಮೈಕು ಆರಿರಲಿಲ್ಲವೆಂದು ತೋರುತ್ತದೆ; ಇಡೀ ನಿಲ್ದಾಣದಲ್ಲಿ ಒಬ್ಬ ಮನುಷ್ಯ ಮೂಗು ಎಳೆದುಕೊಂಡ ಸದ್ದು ಸ್ಪಷ್ಟವಾಗಿ ಕೇಳಿಸಿತು.